ನಿರೀಕ್ಷಿತ ಉತ್ತರ

ಹಲಗೆಯ ಮೇಲೆ ಒದ್ದೆ ಬಟ್ಟೆ ಒತ್ತಿದ ಗುರುತು ಊಟದ ತಟ್ಟೆಯಷ್ಟು ಅಗಲಕ್ಕಿದೆ, ಕಪ್ಪಿನೊಳಗೊಂದು ಕಡುಕಪ್ಪು, ಅಂಚಿನಲ್ಲಿ ಆಗಲೇ ಬೂದು ಬಣ್ಣಕ್ಕೆ ತಿರುಗುತ್ತಿದೆ, ಒಣಗುತ್ತಿದೆ, ಒಣಗಲಿ ಎಂದೇ ತಾನೇ ಒತ್ತಿದ್ದು, ಈ ನೀರು ಎಲ್ಲಿಗೆ ಹೋಗ್ತಾ ಇದೆ ಮಕ್ಕಳೇ ಎಂದು ಕೇಳಿಯೂ ಆಯಿತು, ಇನ್ನು ಅವಳು ಮಾಡಬೇಕಾದ ಕೆಲಸ ಒಂದೇ, ಬಾಯಿ ಮುಚ್ಚಿಕೊಂಡು ನಿಲ್ಲುವುದು, ಈ ಭೂಮಿಯ ಮೇಲೆ ಅವಳಿಗೆ ಬಾರದ ಕೆಲಸವೆಂದರೆ ಅದೊಂದೇ. ಉತ್ತರ ನಾಲಿಗೆ ತುದಿಯಲ್ಲಿ ಬಂದು ಕೂತಿದೆ, ಆವಿ, ಆವಿಯಾಗಿ ಗಾಳಿ ಸೇರುತ್ತೆ, ಹಲ್ಲು ಕಚ್ಚಿ ಹಿಡಿದಿದ್ದಾಳೆ, ಒಂದು, ಎರಡು, ಮೂರು — ಹಿಂದಿನ ಬೆಂಚಿನಲ್ಲಿ ಪರೀಕ್ಷಕಿ, ಬೇರೆ ಊರಿನ ಕಾಲೇಜಿನಿಂದ ಬಂದವರು, ನಾಲ್ಕನೇ ತರಗತಿಯ ಬೆಂಚಿಗೆ ಮಂಡಿ ಹಿಡಿಸದೆ ಪಕ್ಕಕ್ಕೆ ತಿರುಗಿ ಕೂತಿದ್ದಾರೆ, ತೊಡೆಯ ಮೇಲೆ ಅಂಕದ ಹಾಳೆ, ಪೀಠಿಕೆಗೆ ಇಷ್ಟು, ಪ್ರಶ್ನೆಗೆ ಇಷ್ಟು, ಹಲಗೆ ಬರಹಕ್ಕೆ ಇಷ್ಟು, ಮೌಲ್ಯಮಾಪನ ಮನೆಗೆಲಸ ಎರಡೂ ಮುಗಿಸಿದರೆ ಇಷ್ಟು, ಮುಗಿಸದಿದ್ದರೆ ಸೊನ್ನೆ, ಪಾಠ ಅಪೂರ್ಣ ಅಂತ ಕೆಂಪು ಶಾಯಿಯಲ್ಲಿ ಒಂದು ಸಾಲು. ಗಂಟೆ ಹೊಡೆಯಲು ಮೂರೇ ನಿಮಿಷ. ನೀರಿನ ಲೋಟ ಹಿಡಿದುಕೊಂಡು ಬಂದವನು ದಾರಿಯಲ್ಲೇ ಅರ್ಧ ಚೆಲ್ಲಿ, ಅದನ್ನು ಒರೆಸಿ, ಒರೆಸಿದವನಿಗೆ ಎಲ್ಲರೂ ಚಪ್ಪಾಳೆ ತಟ್ಟಿ, ಆ ಗಡಿಬಿಡಿಯಲ್ಲಿ ಐದು ನಿಮಿಷ ನೀರಿನಲ್ಲೇ ಹೋಯಿತು, ಇಲ್ಲದಿದ್ದರೆ ಈ ಹೊತ್ತಿಗೆ ಮನೆಗೆಲಸ ಬರೆಸುತ್ತಿರಬೇಕಿತ್ತು. ಹನ್ನೊಂದು ವರ್ಷ ಅವಳು ತನ್ನ ಶಾಲೆಯಲ್ಲಿ ಬದಲಿ ಟೀಚರು, ಯಾರು ರಜೆ ಹಾಕಿದರೆ ಅವರ ತರಗತಿಗೆ, ಇವತ್ತು ಗಣಿತ ನಾಳೆ ಹೊಲಿಗೆ, ಎರಡು ವರ್ಷದ ಹಿಂದೆ ಹೊಸ ನಿಯಮ ಬಂತು, ಪ್ರಮಾಣಪತ್ರ ಇಲ್ಲದವರು ಬರುವ ವರ್ಷದಿಂದ ತರಗತಿಯ ಹೊಸಿಲು ದಾಟುವಂತಿಲ್ಲ, ಬೇಕಾದರೆ ಆಫೀಸಿನಲ್ಲಿ ಕೂತು ಹಾಜರಿ ಪುಸ್ತಕಕ್ಕೆ ಗೆರೆ ಹಾಕಬಹುದು ಅಂತ ಹೆಡ್ಮಾಸ್ಟರು ಬಹಳ ಮರ್ಯಾದೆಯಿಂದ ಹೇಳಿದ್ದರು, ಅದಕ್ಕೇ ನಲವತ್ತೆರಡನೇ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು, ಎರಡು ವರ್ಷ ಶಿಕ್ಷಕರ ತರಬೇತಿಯ ಸಂಜೆ ಕ್ಲಾಸು, ರಜೆಯಲ್ಲೂ ಕ್ಲಾಸು, ಇವತ್ತಿನದು ಕೊನೆಯ ಪಾಠ, ಇದು ಹೋದರೆ ಎಲ್ಲವೂ ಹೋದ ಹಾಗೆ. ಮುಂದಿನ ಬೆಂಚಿನವನು ಅರ್ಧ ಎದ್ದೇ ನಿಂತಿದ್ದಾನೆ, ನಾನು ಟೀಚರ್, ನಾನು ಟೀಚರ್, ಅವನ ಹಿಂದೆ ಇನ್ನೂ ಏಳೆಂಟು ಕೈ, ಒಬ್ಬನನ್ನು ತೋರಿಸಿದರೆ ಮುಗಿಯಿತು, ಶಾಬಾಷ್ ಎನ್ನಬಹುದು, ಬರೆಯಬಹುದು, ಗೆಲ್ಲಬಹುದು. ಆದರೆ ಮೂರನೇ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಆ ಹುಡುಗಿ, ಇವಳು ಅಭ್ಯಾಸ ಪಾಠಕ್ಕೆಂದು ಈ ಶಾಲೆಗೆ ಬಂದ ಐದು ವಾರದಲ್ಲಿ ಒಂದು ಮಾತೂ ಆಡದವಳು, ಅವಳ ಕೈ ಡೆಸ್ಕಿನಿಂದ ಎದ್ದು ಕಿವಿಯ ಹತ್ತಿರ ಬಂದು ನಿಂತಿದೆ.

ಕೈ ಎತ್ತಿದ್ದೂ ಹೌದು, ಎತ್ತದೇ ಇದ್ದದ್ದೂ ಹೌದು, ಯಾರಾದರೂ ಏನು ಎಂದು ಕೇಳಿದರೆ ಕಿವಿ ತುರಿಸಿಕೊಳ್ಳುತ್ತಿದ್ದೆ ಅಂತ ತಪ್ಪಿಸಿಕೊಳ್ಳಬಹುದು, ಆ ಉಪಾಯ ಹಲಗೆಯ ಮುಂದೆ ನಿಂತವಳಿಗೆ ಗೊತ್ತು, ಆ ಕೈಯನ್ನು ಅವಳು ಮೂವತ್ತೈದು ವರ್ಷದ ಹಿಂದೆ ನೋಡಿದ್ದಾಳೆ, ಒಂದೇ ಕೋಣೆಯ ಶಾಲೆ, ನಾಲ್ಕು ಸಾಲು, ಒಂದೊಂದು ಸಾಲು ಒಂದೊಂದು ತರಗತಿ, ಅವಳು ಮೂರನೇ ಸಾಲು, ತಮ್ಮ ಒಂದನೇ ಸಾಲು, ಕಿಟಕಿಯ ಒಡೆದ ಗಾಜಿಗೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿತ್ತು, ಗಾಳಿ ಬಂದರೆ ಪಟಪಟ ಎನ್ನುತ್ತಿತ್ತು, ಸ್ಲೇಟುಗಳ ಒದ್ದೆ ವಾಸನೆ, ಬಟ್ಟೆ ಇದ್ದವರು ಬಟ್ಟೆಯಲ್ಲಿ ಇಲ್ಲದವರು ಉಗುಳಿನಲ್ಲಿ ಒರೆಸಿದ್ದು — ಎಷ್ಟು ಚೆನ್ನಾಗಿತ್ತು ಆ ಕೋಣೆ, ಇಡೀ ಲೋಕ ನಾಲ್ಕು ಸಾಲಿನಲ್ಲಿ ಕೂತಿತ್ತು, ಒಬ್ಬರೇ ಮೇಷ್ಟ್ರು, ಆದರೂ ಎಲ್ಲರೂ ದೊಡ್ಡ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು, ಚಿಕ್ಕ ಮೇಷ್ಟ್ರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಏನೋ, ಏಳೂ ಐದೂ ಎಷ್ಟೋ. ತಮ್ಮ ಎದ್ದು ನಿಲ್ಲುತ್ತಾನೆ, ಅವನಿಗೆ ಮೊದಲನೇ ಅಕ್ಷರ ಕಷ್ಟ, ಮೊದಲನೆಯದು ದಾಟಿದರೆ ಉಳಿದದ್ದೆಲ್ಲ ಇಳಿಜಾರು, ಆ ಒಂದು ಅಕ್ಷರ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡು ಕತ್ತಿನ ನರ ಉಬ್ಬಿ ಬರುತ್ತದೆ, ಅಷ್ಟರಲ್ಲಿ ಮೂರನೇ ಸಾಲಿನಿಂದ ಹನ್ನೆರಡು ಸಾರ್, ಅವಳೇ, ಇನ್ಯಾರು. ನಿನ್ನ ತಮ್ಮನಿಗೆ ಬಾಯಿ ಬಾಡಿಗೆ ಕೊಟ್ಟಿದೀಯೇನಮ್ಮ ಎಂದರು ದೊಡ್ಡ ಮೇಷ್ಟ್ರು, ನಾಲ್ಕೂ ಸಾಲು ನಕ್ಕಿತು, ತಮ್ಮನೂ ನಕ್ಕ, ಅವಳಿಗೆ ಹೆಮ್ಮೆಯೋ ಹೆಮ್ಮೆ. ಮನೆಯಲ್ಲಿ ಅಮ್ಮ, ನೀನು ದೊಡ್ಡವಳು ಕಣೇ, ಅವನನ್ನ ನೋಡ್ಕೋ, ನೋಡಿಕೊಂಡಳು, ಎಷ್ಟು ನೋಡಿಕೊಂಡಳೆಂದರೆ ಅಂಗಡಿಯಲ್ಲಿ ಇವನಿಗೆ ಕಿತ್ತಳೆ ಬಣ್ಣದ ಪೆಪ್ಪರಮಿಂಟು ಕೊಡಿ, ಡಾಕ್ಟರ ಹತ್ತಿರ ಇವನಿಗೆ ಹೊಟ್ಟೆನೋವು, ಬಲಗಡೆ, ಕ್ಷೌರದವನ ಹತ್ತಿರ ಇವನಿಗೆ ಸಣ್ಣಕ್ಕೆ ಕತ್ತರಿಸಿ, ಇನ್ನೂ ಸಣ್ಣಕ್ಕೆ, ಅವನು ಎತ್ತರದ ಕುರ್ಚಿಯ ಮೇಲಿಟ್ಟ ಮಣೆಯಲ್ಲಿ ಕೂತು ಕನ್ನಡಿಯಲ್ಲಿ ಅಕ್ಕನನ್ನು ನೋಡುತ್ತಿದ್ದ, ಬಿಳಿ ಬಟ್ಟೆ ಸುತ್ತಿದ್ದರಿಂದ ಕೈ ಕಾಣುತ್ತಿರಲಿಲ್ಲ. ಶಾಲೆಯಿಂದ ಬರುವಾಗ ಗಿರಣಿಯ ಉದ್ದ ಗೋಡೆ, ಅದರ ನೆರಳಿನಲ್ಲಿ ಇಬ್ಬರೇ, ಅವಳ ಕೈಯಲ್ಲಿ ಅವನ ಕೈ, ಆಗ ಮಾತ್ರ ಅವನು ಮಾತಾಡುತ್ತಿದ್ದ, ಎರಡನೇ ಅಕ್ಷರಕ್ಕೆ ಬರುವ ಹೊತ್ತಿಗೆ ಅವಳಿಗೆ ಇಡೀ ವಾಕ್ಯ ಗೊತ್ತಾಗಿಬಿಡುತ್ತಿತ್ತು, ಗೊತ್ತಾದ ಮೇಲೆ ಸುಮ್ಮನಿರುವ ಜಾಯಮಾನವೇ ಅಲ್ಲ ಅವಳದು, ನಾಯಿ ಮರಿ ಹಾಕಿದೆ ಅಂತ ತಾನೇ, ಹೂಂ ಎನ್ನುತ್ತಿದ್ದ, ಮಳೆ ಬರುತ್ತೆ ಅಂತ ತಾನೇ, ಹೂಂ, ಆ ಹೂಂ ಎಷ್ಟು ಹಿತವಾಗಿತ್ತು. ಒಂದೊಂದು ಸಲ ಹೂಂ ಎನ್ನುವ ಮೊದಲು ಒಂದು ಕ್ಷಣ ತಡೆಯುತ್ತಿದ್ದ, ಅದು ಹೂಂ ಆಗಿರಲಿಲ್ಲವೇನೋ.

ತಟ್ಟೆಯಷ್ಟಿದ್ದ ಒದ್ದೆ ಈಗ ಅಂಗೈಯಷ್ಟಾಗಿದೆ. ಮುಂದಿನ ಬೆಂಚಿನವನು ಕೈ ಸೋತು ಬಲಗೈಗೆ ಎಡಗೈ ಊರುಗೋಲು ಕೊಟ್ಟುಕೊಂಡಿದ್ದಾನೆ, ಟೀಚರ್, ಹೇಳ್ಲಾ, ಅವಳು ಅವನ ಕಡೆ ನೋಡಿ ನಗುತ್ತಾಳೆ, ತಲೆಯಾಡಿಸುವುದಿಲ್ಲ. ಆ ಹುಡುಗಿಯ ಹೆಸರು ಕರೆಯಬಹುದಲ್ಲ, ಹೇಳಮ್ಮ ಅಂತ, ಬೇಡ, ಕರೆದ ತಕ್ಷಣ ಕಿವಿ ತುರಿಸಿಕೊಂಡು ಕೈ ಕೆಳಗಿಳಿಯುತ್ತದೆ, ಮತ್ತೆ ಈ ವರ್ಷ ಏಳುವುದಿಲ್ಲ, ಇದು ಅವಳಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿದ್ದಲ್ಲ. ಅದು ಮಾತಾಡಲ್ಲ ಮೇಡಂ, ಅದನ್ನ ಬಿಟ್ಬಿಡಿ, ಟೈಂ ದಂಡ ಅಂತ ಈ ತರಗತಿಯ ಟೀಚರು ಮೊದಲನೇ ದಿನವೇ ಹೇಳಿಕೊಟ್ಟಿದ್ದರು, ಕೆಟ್ಟವರೇನಲ್ಲ, ಇಪ್ಪತ್ತೆಂಟು ಮಕ್ಕಳು, ಮುಗಿಸಬೇಕಾದ ಪುಸ್ತಕ ಇಷ್ಟು ದಪ್ಪ. ಹತ್ತು, ಹನ್ನೊಂದು — ಮೂರು ಸೆಕೆಂಡು ಸಾಕು ಅಂತಿದ್ದರು ಗಡಿಯಾರ ಮೇಷ್ಟ್ರು, ಸಂಜೆ ಕ್ಲಾಸಿನ ಮೇಷ್ಟ್ರು, ಕೊರಳಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು, ಅದಕ್ಕೇ ಆ ಹೆಸರು, ಮೈಕ್ರೋ ಟೀಚಿಂಗ್ ಅಂತ ಒಂದು ಆಟ ಆಡಿಸುತ್ತಿದ್ದರು, ಆರು ನಿಮಿಷದ ಪಾಠ, ಒಂದೇ ಒಂದು ಕೌಶಲ, ಮಕ್ಕಳ ಜಾಗದಲ್ಲಿ ಜೊತೆಯವರೇ ಮಕ್ಕಳು, ಬೊಕ್ಕತಲೆಯವರೂ ಬಸುರಿಯರೂ ಮೂರನೇ ತರಗತಿ ಮಕ್ಕಳ ಹಾಗೆ ಕೈಕಟ್ಟಿಕೊಂಡು ಕೂರಬೇಕು, ಅವರಲ್ಲೊಬ್ಬ ಹತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಮಕ್ಕಳ ಪಾತ್ರ ಅವನಿಗೆ ಕರಗತ, ಟೀಚರ್ ಇವಳು ನನ್ನ ರಬ್ಬರ್ ಕದ್ದಳು ಅಂತ ಪಕ್ಕದ ಐವತ್ತು ವರ್ಷದ ಹೆಂಗಸಿನ ಮೇಲೆ ದೂರು ಹೇಳಿ ಎಲ್ಲರನ್ನೂ ನಗಿಸಿ ಹೊಟ್ಟೆ ಹುಣ್ಣಾಗಿಸಿದ್ದ. ಅವಳ ಸರದಿ ಬಂದಾಗ ಪ್ರಶ್ನೆ ಕೇಳಿ ಕಾಯುವ ಕೌಶಲ, ಕೇಳಿದಳು, ಕಾದಳು, ಕಾದೆ ಅಂತಲೇ ಅಂದುಕೊಂಡಳು, ಗಡಿಯಾರ ಮೇಷ್ಟ್ರು ವಾಚು ಎತ್ತಿ ತೋರಿಸಿದರು, ಮುಕ್ಕಾಲು ಸೆಕೆಂಡಮ್ಮ, ನೀವೇ ಕೇಳ್ತೀರಿ, ನೀವೇ ಹೇಳ್ತೀರಿ, ನೀವೇ ಶಾಬಾಷ್ ಅಂತೀರಿ, ಮಕ್ಕಳು ಯಾಕೆ ಬರಬೇಕು ಶಾಲೆಗೆ, ಮನೇಲಿರ್ಲಿ. ಇನ್ನೊಮ್ಮೆ ಮಾಡಿ. ಇನ್ನೊಮ್ಮೆ, ಮತ್ತೊಮ್ಮೆ, ನಾಲ್ಕು ಸಲ ಮಾಡಿಸಿದರು, ತಾಳಿದವನು ಬಾಳಿಯಾನು ಕಣಮ್ಮ, ನೀವು ಒಂದು ಸೆಕೆಂಡೂ ತಾಳಲ್ಲ ಎಂದರು. ಆ ದಿನ ಚಹಾ ಕುಡಿಯುವಾಗ ಕಂಡಕ್ಟರು, ನಗಿಸುವುದಕ್ಕಲ್ಲ, ನಿಜವಾಗಿ ಹೇಳಿದ, ಅಕ್ಕ, ನಾನು ಹೊಸದರಲ್ಲಿ ಒಬ್ಬಳು ಮುದುಕಮ್ಮನ್ನ ಬೀಳಿಸಿಬಿಟ್ಟಿದ್ದೆ, ಒಂದು ಕಾಲು ನೆಲಕ್ಕಿಟ್ಟಳು, ಇಳಿದಳು ಅಂತ ಸೀಟಿ ಊದಿಬಿಟ್ಟೆ, ಇನ್ನೊಂದು ಕಾಲು ಬಸ್ಸಲ್ಲೇ ಇತ್ತು, ಆಮೇಲಿಂದ ಎರಡನೇ ಕಾಲು ನೋಡದೆ ಊದಿಲ್ಲ, ಲೇಟಾದ್ರೆ ಡ್ರೈವರ್ ಬಯ್ತಾನೆ, ಬಯ್ಲಿ ಬಿಡಿ. ಅವನು ಲೋಟ ತೊಳೆದಿಟ್ಟು ಮುಂದಿನ ಕ್ಲಾಸಿಗೆ ಹೋದ.

ಇಪ್ಪತ್ತೈದು, ಇಪ್ಪತ್ತಾರು, ಲೆಕ್ಕ ತಪ್ಪಿತು. ಪರೀಕ್ಷಕಿ ಕನ್ನಡಕದ ಮೇಲಿನಿಂದ ನೋಡುತ್ತಿದ್ದಾರೆ, ಅವರ ಎದುರಿಗೆ ಅವಳ ರೆಕಾರ್ಡ್ ಪುಸ್ತಕ ತೆರೆದಿದೆ, ಇವತ್ತಿನ ಪಾಠಯೋಜನೆಯ ಪುಟ, ಎಡಗಡೆ ಅಂಕಣದಲ್ಲಿ ಶಿಕ್ಷಕರ ಪ್ರಶ್ನೆ, ಬಲಗಡೆ ಅಂಕಣದಲ್ಲಿ ವಿದ್ಯಾರ್ಥಿಗಳ ನಿರೀಕ್ಷಿತ ಉತ್ತರ, ನೀರು ಆವಿಯಾಗಿ ಗಾಳಿಯನ್ನು ಸೇರುತ್ತದೆ, ಪೂರ್ಣ ವಾಕ್ಯ, ಗುಂಡಗಿನ ಅಕ್ಷರ, ಕೆಳಗೆ ಸ್ಕೇಲಿಟ್ಟು ಗೆರೆ. ಹಾಗೆ ಬರೆಯುವುದೇ ಪದ್ಧತಿ, ಎಲ್ಲರೂ ಬರೆಯುತ್ತಾರೆ, ಮಕ್ಕಳ ಮುಖ ನೋಡುವುದಕ್ಕೆ ವಾರಗಟ್ಟಲೆ ಮೊದಲೇ ಅವರ ಬಾಯಿಂದ ಏನು ಬರಬೇಕು ಅಂತ ಬರೆದು ಸಹಿ ಹಾಕಿಸಿಕೊಳ್ಳಬೇಕು, ಕೂಸು ಹುಟ್ಟುವ ಮುಂಚೆ ಕುಲಾವಿ. ಆ ಪುಸ್ತಕಕ್ಕೆ ರಟ್ಟು ಹಾಕಿದ್ದು ತಮ್ಮನೇ, ಅವನದು ರಟ್ಟು ಕಟ್ಟುವ ಅಂಗಡಿ, ಮಾತು ಕಡಿಮೆ ಇದ್ದರೂ ನಡೆಯುವ ಕೆಲಸ ಅಂತ ಹುಡುಕಿ ಸೇರಿಸಿದವಳೂ ಅವಳೇ, ಗೋಂದಿನ ವಾಸನೆ, ಮೂಲೆಯಲ್ಲಿ ಕಲ್ಲು ಹೇರಿದ ಪುಸ್ತಕಗಳು, ಹೋದ ತಿಂಗಳು ಬಿಡಿ ಹಾಳೆಗಳನ್ನು ಕಟ್ಟಿ ಒಯ್ದಿದ್ದಳು, ಅವನು ಪುಟ ಸರಿಯಾಗಿವೆಯಾ ಅಂತ ತಿರುವುತ್ತಾ ತಿರುವುತ್ತಾ ಒಂದು ಕಡೆ ನಿಂತ, ಓದಿದ, ಇನ್ನೊಂದು ಪುಟ ಓದಿದ, ಏನೋ ಹೇಳಲು ಹೊರಟ, ಮೊದಲನೇ ಅಕ್ಷರ ಸಿಕ್ಕಿಕೊಂಡಿತು, ಅವಳು ಎಂದಿನಂತೆ ಪುಟ ತಪ್ಪಿದೆ ಅಂತ ತಾನೇ ಎಂದಳು, ಅವನು ಹೂಂ ಎನ್ನಲಿಲ್ಲ. ಸೂಜಿ ಹಿಡಿದ ಕೈ ಅಡ್ಡ ತೋರಿಸಿ ಅವಳನ್ನು ನಿಲ್ಲಿಸಿದ, ನಲವತ್ತು ವರ್ಷದಲ್ಲಿ ಮೊದಲ ಸಲ, ಆಮೇಲೆ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಹೇಳಿದ, ಅಕ್ಕ, ಮಕ್ಕಳ ಉತ್ತರಾನೂ ನೀನೇ ಬರೆದುಬಿಟ್ಟಿದೀಯಲ್ಲ. ಅವಳು ನಕ್ಕಳು, ಅವನೂ ನಕ್ಕ, ನಗುತ್ತಲೇ ಹೇಳಿದ, ಹನ್ನೆರಡು ಅಂತ ನಂಗೂ ಗೊತ್ತಿತ್ತು. ನೀ ಒಂಚೂರು ತಡೆದಿದ್ರೆ ಹೇಳ್ತಿದ್ದೆ. ಕೈ ಎತ್ತೋಕೂ ಹೋಗ್ತಿದ್ದೆ ಅಕ್ಕ, ನೀ ನೋಡಿರ್ತೀಯ, ಇಲ್ಲೀವರೆಗೂ ಬರ್ತಿತ್ತು — ಸೂಜಿ ಹಿಡಿದ ಕೈ ಕಿವಿಯ ಹತ್ತಿರ ಹೋಗಿ ನಿಂತಿತು, ನರೆತ ಕೂದಲು, ಉದ್ದ ಕೂದಲು, ಕಿವಿ ಮುಚ್ಚುವಷ್ಟು, ಎಷ್ಟೋ ವರ್ಷದಿಂದ ಹಾಗೇ ಬಿಟ್ಟಿದ್ದಾನೆ, ಕ್ಷೌರಕ್ಕೆ ತಾನೊಬ್ಬನೇ ಹೋಗತೊಡಗಿದಾಗಿನಿಂದ, ಅವಳು ಅದನ್ನು ಸೋಮಾರಿತನ ಅಂದುಕೊಂಡಿದ್ದಳು. ಬೈಯಲಿಲ್ಲ ಅವನು, ದೂರಲಿಲ್ಲ, ಹಾಗೇ ಬಗ್ಗಿ ದಾರ ಪೋಣಿಸಿದ. ಅವಳಿಗೆ ಸಿಟ್ಟು ಬಂತು, ಇಷ್ಟೆಲ್ಲ ಮಾಡಿದ್ದು ಯಾರಿಗೋಸ್ಕರ ಅಂತ, ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅಳು ಬಂತು, ಗಿರಣಿಯ ಗೋಡೆ, ಅದರ ನೆರಳು, ಅವನ ಬೆವರಿದ ಪುಟ್ಟ ಕೈ, ಎಷ್ಟು ಮುದ್ದಾಗಿ ಇಟ್ಟುಕೊಂಡಿದ್ದಳು ಅದನ್ನೆಲ್ಲ, ಈಗ ನೆನೆದರೆ ಅಲ್ಲಿ ಮಾತಾಡುತ್ತಿರುವುದು ಅವಳೊಬ್ಬಳೇ. ಮಾರನೇ ದಿನ ಅವನು ಪುಸ್ತಕ ಕಟ್ಟಿ ಕಳಿಸಿದ್ದ, ನೀಲಿ ಬಟ್ಟೆಯ ರಟ್ಟು, ಅಷ್ಟು ಅಚ್ಚುಕಟ್ಟು ಕೆಲಸ ಅವಳು ನೋಡಿರಲಿಲ್ಲ.

ಒದ್ದೆ ಈಗ ಮೂರು ಬೆರಳಿನಗಲ. ತರಗತಿಯ ಮಕ್ಕಳಿಗೂ ಏನೋ ಅರ್ಥವಾದ ಹಾಗಿದೆ, ನಾನು ನಾನು ಎಂಬ ಗಲಾಟೆ ನಿಂತಿದೆ, ಟೀಚರು ಯಾರನ್ನ ನೋಡ್ತಿದಾರೆ ಅಂತ ಒಬ್ಬೊಬ್ಬರೇ ಹಿಂದೆ ತಿರುಗುತ್ತಾರೆ, ತಿರುಗಬೇಡ್ರೋ, ಹೆದರಿಕೊಂಡಾಳು, ಅವಳು ಬೇಕೆಂದೇ ಹುಡುಗಿಯಿಂದ ಕಣ್ಣು ಕಿತ್ತು ಹಲಗೆಯ ಕಡೆ ನೋಡುತ್ತಾಳೆ, ಮಕ್ಕಳೂ ಹಲಗೆ ನೋಡುತ್ತಾರೆ, ನೀರು ಹೋಗುತ್ತಿದೆ, ಎಲ್ಲರ ಕಣ್ಣೆದುರೇ ಹೋಗುತ್ತಿದೆ, ಎಲ್ಲಿಗೆ, ಹೇಳಿಬಿಡು, ಈಗಲಾದರೂ ಆ ಹುಡುಗನನ್ನು ತೋರಿಸಿಬಿಡು, ಎರಡು ನಿಮಿಷದಲ್ಲಿ ಮೌಲ್ಯಮಾಪನಕ್ಕೆ ಎರಡು ಪ್ರಶ್ನೆ, ಮನೆಗೆಲಸ ಒಂದು ಸಾಲು, ಪ್ರಮಾಣಪತ್ರ, ಅದರ ಮೇಲೆ ಮೊಹರು, ನಿನ್ನದೇ ತರಗತಿ, ನಿನ್ನದೇ ಕುರ್ಚಿ, ಬದಲಿಯವಳಲ್ಲ, ಅಂಥ ಎಷ್ಟು ಹುಡುಗಿಯರಿಗೆ ಬೇಕಾದರೂ ಆಮೇಲೆ ಕಾಯಬಹುದು, ಎರಡು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಓದಿದ್ದು, ಮಗಳು ಕೂತು ಬಣ್ಣ ಹಚ್ಚಿಕೊಟ್ಟ ಚಾರ್ಟುಗಳು, ಅಮ್ಮ ನೀನು ಪಾಸಾದ್ರೆ ನಂಗೆ ಏನು ಕೊಡ್ಸ್ತೀಯ, ಆಮೇಲೆ ಕಾಯಬಹುದು, ಆಮೇಲೆ — ಆ ಕೈ ಆಮೇಲೆ ಇರುವುದಿಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಪರೀಕ್ಷಕಿ ಕೈಗಡಿಯಾರ ನೋಡಿಕೊಂಡರು, ಕೆಮ್ಮಿದರು, ಅದು ಗಂಟಲಿನ ಕೆಮ್ಮಲ್ಲ, ನೆನಪಿಸುವ ಕೆಮ್ಮು, ಮುಂದೆ ಹೋಗಿ ಅಂತ. ಅವಳು ಕೇಳಿಸದವಳ ಹಾಗೆ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು, ಕೈಯಲ್ಲಿದ್ದರೆ ಬರೆದುಬಿಟ್ಟೇನು ಎಂಬ ಭಯ.

ಗಂಟೆ ಹೊಡೆಯಿತು. ಪಕ್ಕದ ತರಗತಿಯಲ್ಲಿ ಬೆಂಚು ಎಳೆಯುವ ಸದ್ದು, ಕಾರಿಡಾರಿನಲ್ಲಿ ಓಟ, ಕೂಗು, ಇಲ್ಲಿ ಯಾರೂ ಎದ್ದಿಲ್ಲ, ಮುಂದಿನ ಬೆಂಚಿನವನೂ ಎದ್ದಿಲ್ಲ, ಕೆಂಪು ಪೆನ್ನಿನ ಮುಚ್ಚಳ ತೆಗೆದ ಟಿಕ್ ಎಂಬ ಸದ್ದು ಅವಳಿಗೆ ಇಲ್ಲಿಂದಲೇ ಕೇಳಿಸಿತು, ಅಪೂರ್ಣ, ಅ ಬರೆಯುತ್ತಿರಬೇಕು, ಬರೆಯಲಿ ಬಿಡಿ, ಹಲಗೆ ಪೂರ್ತಿ ಒಣಗಿದೆ, ಎಲ್ಲಿ ಒತ್ತಿದ್ದೆ ಅಂತ ಅವಳಿಗೇ ಗೊತ್ತಾಗುತ್ತಿಲ್ಲ, ಇನ್ನು ನೋಡುವುದಕ್ಕೆ ಬೇರೆ ಜಾಗವಿಲ್ಲ, ಅವಳು ಕಿಟಕಿಯ ಕಡೆ ತಿರುಗುತ್ತಾಳೆ, ಮೂರನೇ ಬೆಂಚು, ಕತ್ತಿನ ನರ ಉಬ್ಬಿದೆ, ತುಟಿ ಒಂದು ಅಕ್ಷರಕ್ಕೆ ತಯಾರಾಗಿ ನಿಂತಿದೆ, ಅದು ಆ ಅಲ್ಲ, ಆವಿಯ ಆ ಅಲ್ಲ, ಬೇರೇನೋ, ಬಲಗಡೆ ಅಂಕಣದಲ್ಲಿ ಇಲ್ಲದ್ದು, ಅವಳಿಗೆ ಗೊತ್ತಿಲ್ಲದ್ದು, ಏನಿರಬಹುದು, ಅವಳಿಗೆ ನಿಜವಾಗಿಯೂ ಗೊತ್ತಿಲ್ಲ, ಎರಡನೇ ಅಕ್ಷರ ಬಂದರೂ ಊಹಿಸಲಾರಳು, ಊಹಿಸಲು ಮನಸ್ಸೂ ಇಲ್ಲ, ಹೇಳು ಅಂತಲೂ ಅನ್ನುವುದಿಲ್ಲ ಅವಳು, ಹೂಂ ಅಂತಲೂ ಅನ್ನುವುದಿಲ್ಲ, ಬೆರಳುಗಳು ಕೂದಲನ್ನು ಬಿಟ್ಟವು, ಕಿವಿಯ ಹತ್ತಿರ ಇದ್ದ ಕೈ, ಕಿವಿಯನ್ನು ದಾಟಿ, ತಲೆಯನ್ನು ದಾಟಿ, ಕೈ, ನೆಟ್ಟಗೆ, ಮೇಲೆ, ಆ ಕೈ